ಸಿಎಸ್‌ಸಿ ಸ್ಕಾಲರ್‌ಶಿಪ್‌ನಲ್ಲಿ ಬರುವ ಚೀನಾದ ಪಿಎಚ್‌ಡಿ ವಿದ್ಯಾರ್ಥಿಗೆ ಇನ್ವಿಟೇಶನ್ ಲೆಟರ್ ಕೊಡುವ ಮುಂಚೆ ಏನೇನು ನೋಡಬೇಕು?

ಹೊಸಲ್ಯಾಬ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಜರ್ಮನಿಯ ವಿಶ್ವವಿದ್ಯಾಲಯವೊಂದರಲ್ಲಿ ಬ್ಯಾಟರಿ ಮೆಟೀರಿಯಲ್ಸ್ ಮೇಲೆ ಕೆಲಸ ಮಾಡುವ ಸಣ್ಣ ಗುಂಪು ನಮ್ಮದು. ನವೆಂಬರ್ ಬಂತೆಂದರೆ ಚೀನಾದಿಂದ ಒಂದೇ ಅಚ್ಚಿನ ಮೇಲ್‌ಗಳು ಶುರು: "ನನಗೆ ಚೀನಾ ಸ್ಕಾಲರ್‌ಶಿಪ್ ಕೌನ್ಸಿಲ್ (ಸಿಎಸ್‌ಸಿ) ದುಡ್ಡು ಕೊಡುತ್ತದೆ, ನಿಮಗೆ ಏನೂ ಖರ್ಚಿಲ್ಲ, ಒಂದು ಇನ್ವಿಟೇಶನ್ ಲೆಟರ್ ಕೊಟ್ಟರೆ ಸಾಕು." ಈ ಸಲ ಇಬ್ಬರ ಸಿವಿ ನಿಜಕ್ಕೂ ಚೆನ್ನಾಗಿದೆ. ಒಬ್ಬರು ಪೂರ್ತಿ ಪಿಎಚ್‌ಡಿಗೆ ಬರುತ್ತೇನೆ ಅಂತಾರೆ, ಇನ್ನೊಬ್ಬರು 18 ತಿಂಗಳ "ಜಂಟಿ ಪಿಎಚ್‌ಡಿ" ಅಂತಾರೆ.

ಇವೆರಡಕ್ಕೂ ಏನು ವ್ಯತ್ಯಾಸ? ಲೆಟರ್‌ನಲ್ಲಿ ಏನಿರಲೇಬೇಕು, ಯಾವ ತಾರೀಕಿನೊಳಗೆ ಕೊಡಬೇಕು? ಆ ದುಡ್ಡಿನಲ್ಲಿ ಇಲ್ಲಿ ಬದುಕಲಿಕ್ಕಾಗುತ್ತದೆಯೇ? ಒಪ್ಪಂದದ ಬಗ್ಗೆ ಏನೇನೋ ಕೇಳಿದ್ದೇನೆ, ಅದರಲ್ಲಿ ಎಷ್ಟು ನಿಜ? ಈ ವ್ಯವಸ್ಥೆ ಗೊತ್ತಿರುವವರು ದಯವಿಟ್ಟು ತಿಳಿಸಿ.

---

ಗಡಿಯಾಚೆ

ಮೊದಲು ವ್ಯತ್ಯಾಸ. ಸಿಎಸ್‌ಸಿ ಚೀನಾದ ಶಿಕ್ಷಣ ಸಚಿವಾಲಯದ ಕೆಳಗಿನ ಸಂಸ್ಥೆ, 1996ರಲ್ಲಿ ಶುರುವಾಯಿತು. ನಿಮಗೆ ಬರುವ ಮೇಲ್‌ಗಳಲ್ಲಿ ಬಹುಪಾಲು 2007ರಲ್ಲಿ ಆರಂಭವಾದ ಸ್ನಾತಕೋತ್ತರ ವಿದ್ಯಾರ್ಥಿಗಳ ದೊಡ್ಡ ಯೋಜನೆಯವು. ಮೊದಲ ಐದು ವರ್ಷ ವರ್ಷಕ್ಕೆ 5000 ಮಂದಿಯನ್ನು ಕಳಿಸುವ ಗುರಿ ಇಟ್ಟುಕೊಂಡು ಹೊರಟ ಯೋಜನೆ ಅದು. ನಿಮ್ಮ ಇನ್‌ಬಾಕ್ಸ್ ತುಂಬುವುದು ಯಾಕೆ ಅಂತ ಇಷ್ಟರಲ್ಲೇ ಅರ್ಥವಾಗಬೇಕು.

ಇದರಲ್ಲಿ ಎರಡು ದಾರಿ. ಪೂರ್ತಿ ಪಿಎಚ್‌ಡಿಯವರು ಸಾಮಾನ್ಯವಾಗಿ 36ರಿಂದ 48 ತಿಂಗಳಿಗೆ ಬರುತ್ತಾರೆ, ಡಿಗ್ರಿ ಕೊಡುವವರು ನೀವು. ಜಂಟಿಯವರು 6ರಿಂದ 24 ತಿಂಗಳು. ಅವರ ನೋಂದಣಿ, ಗೈಡ್, ಥೀಸಿಸ್, ಡಿಗ್ರಿ ಎಲ್ಲ ಚೀನಾದಲ್ಲೇ. ನಿಮ್ಮಲ್ಲಿ ಅವರು ಅತಿಥಿ. ಈ ವ್ಯತ್ಯಾಸ ಮೊದಲು ಕಾಡುವುದು ವೀಸಾದಲ್ಲಿ, ಆಮೇಲೆ ಪೇಪರ್‌ನಲ್ಲಿ ಹೆಸರು ಹಾಕುವಾಗ. ಜಂಟಿ ವಿದ್ಯಾರ್ಥಿಯ ಪೇಪರ್‌ನಲ್ಲಿ ಅಲ್ಲಿನ ಗೈಡ್ ಮತ್ತು ವಿವಿಯ ಹೆಸರು ಇರಲೇಬೇಕೆಂದು ಅವರು ಪಟ್ಟು ಹಿಡಿಯುತ್ತಾರೆ, ಮೊದಲ ಹೆಸರಿನ ಲೇಖಕರು ಯಾವ ಸಂಸ್ಥೆಯನ್ನು ಮುಂದೆ ಹಾಕಬೇಕು ಅನ್ನುವವರೆಗೂ ಮಾತು ಹೋಗುತ್ತದೆ. ವಿದ್ಯಾರ್ಥಿ ಹೊರಡುವ ಮುಂಚೆಯೇ ಆ ಗೈಡ್ ಜೊತೆ ಒಂದು ವಿಡಿಯೋ ಕಾಲ್ ಮಾಡಿ, ಒಪ್ಪಿದ್ದನ್ನು ಮೇಲ್‌ನಲ್ಲಿ ಬರೆದು ಕಳಿಸಿ. ಇದನ್ನು ಬಿಟ್ಟವರೇ ಕೊನೆಯ ಆರು ತಿಂಗಳು ಜಗಳ ಕಾಯುತ್ತಾರೆ.

ಕ್ಯಾಲೆಂಡರ್ ಹೀಗೆ ಓಡುತ್ತದೆ: ಅರ್ಜಿಯ ಪೋರ್ಟಲ್ ಸಾಮಾನ್ಯವಾಗಿ ಮಾರ್ಚ್ 10ಕ್ಕೆ ತೆರೆದು 31ಕ್ಕೆ ಮುಚ್ಚುತ್ತದೆ, ಫಲಿತಾಂಶ ಮೇ ಹೊತ್ತಿಗೆ. ಆದರೆ ವಿದ್ಯಾರ್ಥಿ ನೇರವಾಗಿ ಅರ್ಜಿ ಹಾಕಿ ಕೂರುವಂತಿಲ್ಲ. ಅವರ ವಿವಿ ಮೊದಲು ಒಳಗೇ ಸೋಸಿ ಶಿಫಾರಸು ಮಾಡಬೇಕು, ಆ ಕೆಲಸ ಎಷ್ಟೋ ಕಡೆ ಚೀನೀ ಹೊಸ ವರ್ಷದ ಹಿಂದೆ ಮುಂದೆ ಮುಗಿದಿರುತ್ತದೆ. ಆದ್ದರಿಂದ "ಮಾರ್ಚ್ ಕೊನೆಗೆ ಲೆಟರ್ ಕೊಟ್ಟರಾಯಿತು" ಅಂದುಕೊಳ್ಳಬೇಡಿ, ಜನವರಿಗೇ ಡ್ರಾಫ್ಟ್ ಸಿದ್ಧವಿರಲಿ. ಅವರ ವಿವಿಯ ಒಳಗಿನ ಗಡುವು ಯಾವುದು ಅಂತ ವಿದ್ಯಾರ್ಥಿಯನ್ನೇ ಕೇಳಿ. ಗಂಭೀರವಾಗಿ ಹೊರಟವರ ಬಾಯಲ್ಲಿ ಆ ತಾರೀಕು ತಟ್ಟನೆ ಬರುತ್ತದೆ. ನೂರು ಜನಕ್ಕೆ ಒಂದೇ ಮೇಲ್ ಕಳಿಸಿದವರು ತಡವರಿಸುತ್ತಾರೆ.

ಸಿವಿ ಖಚಿತಪಡಿಸಿಕೊಳ್ಳಲು ಇನ್ನೊಂದು ಸುಲಭ ದಾರಿ ಇದೆ. ಚೀನಾದಲ್ಲಿ ಸಿಎಚ್‌ಎಸ್‌ಐ ಅಂತ ಸರ್ಕಾರಿ ದಾಖಲೆ ವ್ಯವಸ್ಥೆ ಇದೆ. ವಿದ್ಯಾರ್ಥಿ ಅಲ್ಲಿಂದ ತನ್ನ ನೋಂದಣಿ ಅಥವಾ ಡಿಗ್ರಿಯ ಪರಿಶೀಲನಾ ವರದಿಯನ್ನು ಇಂಗ್ಲಿಷ್‌ನಲ್ಲೇ ತೆಗೆಸಬಹುದು. ಅದರ ಮೇಲೊಂದು ಕೋಡ್ ಇರುತ್ತದೆ. ಪಿಡಿಎಫ್ ನೋಡಿ ಸುಮ್ಮನಾಗದೆ ಆ ಕೋಡನ್ನು ನೀವೇ ಅವರ ಜಾಲತಾಣದಲ್ಲಿ ಹಾಕಿ ನೋಡಿ.

---

ಲೆಟರ್‌ಹೆಡ್

ಗಡಿಯಾಚೆ ಅವರು ಹೇಳಿದ್ದು ಸರಿ. ನಾನು ಲೆಟರ್ ವಿಷಯ ಮಾತ್ರ ಹೇಳುತ್ತೇನೆ, ಯಾಕಂದ್ರೆ ಅರ್ಜಿ ಬೀಳುವುದು ಹೆಚ್ಚಾಗಿ ಅಲ್ಲೇ. ಅದು ಶಿಫಾರಸು ಪತ್ರದಂತೆ ಹೊಗಳಿ ಬರೆಯುವ ಕಾಗದವಲ್ಲ. ಅಲ್ಲಿ ಕೂತವರು ಒಂದೊಂದು ಅಂಶವನ್ನೂ ಟಿಕ್ ಹಾಕುತ್ತಾ ಹೋಗುತ್ತಾರೆ, ಒಂದು ಇಲ್ಲದಿದ್ದರೂ ಪಕ್ಕಕ್ಕಿಡುತ್ತಾರೆ.

ವಿವಿಯ ಲೆಟರ್‌ಹೆಡ್ ಮೇಲೆ, ಸಹಿ ಹಾಕಿ, ಫೋನ್ ಮತ್ತು ಮೇಲ್ ವಿಳಾಸ ಸಮೇತ ಕೊಡಬೇಕು. ಒಳಗೆ ವಿದ್ಯಾರ್ಥಿಯ ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೇ, ಅವರ ಈಗಿನ ವಿವಿ, ನಿಮ್ಮಲ್ಲಿ ಅವರ ಸ್ಥಾನ (ಪಿಎಚ್‌ಡಿ ವಿದ್ಯಾರ್ಥಿಯೋ, ಜಂಟಿ ಪಿಎಚ್‌ಡಿ ಅಥವಾ ವಿಸಿಟಿಂಗ್ ವಿದ್ಯಾರ್ಥಿಯೋ), ಗೈಡ್ ಯಾರು, ಸಂಶೋಧನೆಯ ವಿಷಯ. ಶುರುವಾಗುವ ಮತ್ತು ಮುಗಿಯುವ ತಿಂಗಳು, ವರ್ಷ ಎರಡೂ ಬೇಕು. "ಸುಮಾರು ಒಂದೂವರೆ ವರ್ಷ" ಅಂತ ಬರೆದರೆ ನಡೆಯುವುದಿಲ್ಲ, "ಅಕ್ಟೋಬರ್ 2026ರಿಂದ ಮಾರ್ಚ್ 2028, ಒಟ್ಟು 18 ತಿಂಗಳು" ಅನ್ನಬೇಕು. ಆಯ್ಕೆಯಾದವರು ಹೊರಡಲು ಒಂದು ಕೊನೆಯ ದಿನಾಂಕ ಇರುತ್ತದೆ, ಅದಕ್ಕೂ ಆಚೆಗಿನ ಆರಂಭ ಹಾಕಬೇಡಿ. ಅರ್ಜಿಯ ಫಾರಂನಲ್ಲಿ, ಸ್ಟಡಿ ಪ್ಲಾನ್‌ನಲ್ಲಿ, ನಿಮ್ಮ ಲೆಟರ್‌ನಲ್ಲಿ ಮೂರೂ ಕಡೆ ತಿಂಗಳುಗಳು ತಾಳೆಯಾಗಬೇಕು. ಫಾರಂನಲ್ಲಿ 24, ಲೆಟರ್‌ನಲ್ಲಿ 18 ಅಂತಿದ್ದರೆ ಅರ್ಜಿ ಅಲ್ಲಿಗೆ ಮುಗಿಯಿತು.

ಫೀಸಿನ ಬಗ್ಗೆ ಒಂದು ವಾಕ್ಯ ಇರಲೇಬೇಕು: ಟ್ಯೂಶನ್ ಇಲ್ಲ, ಅಥವಾ ಮನ್ನಾ ಆಗಿದೆ, ಅಥವಾ ಇಷ್ಟಿದೆ, ಇಂಥವರು ಕಟ್ಟುತ್ತಾರೆ. ಕೇಂಬ್ರಿಜ್, ಇಂಪೀರಿಯಲ್, ಕ್ವೀನ್ ಮೇರಿಯಂಥ ಬ್ರಿಟನ್ ವಿವಿಗಳು ಸಿಎಸ್‌ಸಿ ಜೊತೆ ಒಪ್ಪಂದ ಮಾಡಿಕೊಂಡು ಟ್ಯೂಶನ್ ತಾವು ನೋಡಿಕೊಂಡು, ಬದುಕುವ ಖರ್ಚನ್ನು ಸಿಎಸ್‌ಸಿಗೆ ಬಿಟ್ಟಿದ್ದು ಇದೇ ಕಾರಣಕ್ಕೆ. ಜರ್ಮನಿಯಲ್ಲಿ ಪಿಎಚ್‌ಡಿಗೆ ಟ್ಯೂಶನ್ನೇ ಇಲ್ಲ ಅನ್ನುವುದು ನಮಗೆ ಗೊತ್ತು, ಕಡತ ನೋಡುವವರಿಗೆ ಅದು ಕಾಗದದ ಮೇಲೆ ಕಾಣಬೇಕು.

ಬೆಂಚ್ ಫೀ, ಅಂದರೆ ಲ್ಯಾಬ್ ಬಳಸುವುದಕ್ಕೆ ಶುಲ್ಕ, ಅಂತ ಏನಾದರೂ ಕೇಳುವ ಯೋಚನೆ ಇದ್ದರೆ ಬಿಟ್ಟುಬಿಡಿ. ಸಿಎಸ್‌ಸಿ ಅದನ್ನು ಬೇರೆಯಾಗಿ ಕೊಡುವುದಿಲ್ಲ. ಊಟ, ಬಾಡಿಗೆ, ವಿಮೆ, ಪುಸ್ತಕ, ಬಸ್ ಖರ್ಚು, ಬೆಂಚ್ ಫೀ ಎಲ್ಲವೂ ಆ ಸ್ಟೈಪೆಂಡಿನಲ್ಲೇ ಸೇರಿದೆ ಅನ್ನುವುದು ಅವರ ಲೆಕ್ಕ. ನೀವು ತಿಂಗಳಿಗೆ 200 ಯೂರೋ ಕೇಳಿದರೆ ಅದು ವಿದ್ಯಾರ್ಥಿಯ ಹೊಟ್ಟೆಯಿಂದ ಹೋಗುತ್ತದೆ.

ಇನ್ನು ಭಾಷೆ. ಐಇಎಲ್‌ಟಿಎಸ್ 6.5, ಅಥವಾ ಟೋಫೆಲ್ 95, ಅಥವಾ ಚೀನಾದ್ದೇ ಡಬ್ಲ್ಯೂಎಸ್‌ಕೆ ಪರೀಕ್ಷೆ ಪಾಸಾಗಿರಬೇಕು. ಇದ್ಯಾವುದೂ ಇಲ್ಲದವರಿಗೆ ಒಂದು ಹಿಂಬಾಗಿಲಿದೆ: ಸಂದರ್ಶನ ಮಾಡಿ ನೋಡಿದೆವು, ಇವರ ಇಂಗ್ಲಿಷ್ ನಮ್ಮ ಕೆಲಸಕ್ಕೆ ಸಾಕು ಅಂತ ಆತಿಥೇಯ ಸಂಸ್ಥೆ ಬರೆದುಕೊಡಬಹುದು. ನಿಮ್ಮ ವಿದ್ಯಾರ್ಥಿಗಳಲ್ಲಿ ಒಬ್ಬರಾದರೂ ಈ ಸಾಲು ಸೇರಿಸಿ ಅಂತ ಕೇಳಿಯೇ ಕೇಳುತ್ತಾರೆ. ಸಂದರ್ಶನ ಮಾಡದೆ ಬರೆಯಬೇಡಿ. ಒಂದು ಗಂಟೆ ಕೂತು, ಅವರದೇ ಪೇಪರಿನ ಒಂದು ಚಿತ್ರ ತೆರೆದು ಈ ಕರ್ವ್ ಇಲ್ಲಿ ಯಾಕೆ ಬಾಗಿದೆ ಅಂತ ಕೇಳಿ. ಬಾಯಿಪಾಠ ಮಾಡಿದ ಪರಿಚಯ ಭಾಷಣ ಅಲ್ಲಿ ಕೈಕೊಡುತ್ತದೆ, ಕೆಲಸ ಗೊತ್ತಿರುವವರು ಮುರುಕು ಇಂಗ್ಲಿಷ್‌ನಲ್ಲೂ ದಾಟಿಹೋಗುತ್ತಾರೆ. ಆಮೇಲೆ ಸಂದರ್ಶನದ ದಿನಾಂಕ ಹಾಕಿ ಲೆಟರ್ ಕೊಡಿ.

ಪೂರ್ತಿ ಪಿಎಚ್‌ಡಿಗಾದರೆ ಪ್ರವೇಶ ಷರತ್ತಿಲ್ಲದ್ದಾಗಿರಬೇಕು. "ಸಿಎಸ್‌ಸಿ ಹಣ ಸಿಕ್ಕರೆ", "ಮಾಸ್ಟರ್ಸ್ ಸರ್ಟಿಫಿಕೇಟ್ ಒಪ್ಪಿಸಿದರೆ" ಇಂಥ ಷರತ್ತುಗಳನ್ನು ಅವರು ಸಹಿಸುತ್ತಾರೆ. "ಬಂದ ಮೇಲೆ ಪರೀಕ್ಷೆ ಪಾಸಾದರೆ ಸೇರಿಸಿಕೊಳ್ಳುತ್ತೇವೆ" ಅಂದರೆ ಆಗುವುದಿಲ್ಲ. ಫ್ಯಾಕಲ್ಟಿಯ ಪ್ರವೇಶ ಪತ್ರ ತಡವಾಗುವ ಕಡೆ ಡೀನ್ ಕಚೇರಿಯನ್ನು ಡಿಸೆಂಬರ್‌ನಲ್ಲೇ ಎಬ್ಬಿಸಿ.

---

ಹೊಸಲ್ಯಾಬ್

ಇಬ್ಬರಿಗೂ ಧನ್ಯವಾದ. ದುಡ್ಡಿನ ಕಡೆ? ಪೂರ್ತಿ ಪಿಎಚ್‌ಡಿಯವರಿಗೆ ನಮ್ಮ ಪ್ರಾಜೆಕ್ಟ್‌ನಿಂದ ಸ್ವಲ್ಪ ಸೇರಿಸಿ ಕೊಡಬಹುದೇ?

---

ಲೆಕ್ಕಪತ್ರ

ಕೊಡಬಹುದು, ಆದರೆ ಹೇಗೆ ಬರೆಯುತ್ತೀರಿ ಅನ್ನುವುದು ಮುಖ್ಯ. ಬೇರೆ ಕಡೆ ಪೂರ್ಣ ಸ್ಕಾಲರ್‌ಶಿಪ್ ಸಿಕ್ಕಿರುವವರಿಗೆ ಸಿಎಸ್‌ಸಿ ಕೊಡುವುದಿಲ್ಲ. ಹಾಗಾಗಿ ಟಾಪ್-ಅಪ್ ಪತ್ರದಲ್ಲಿ "ಪೂರಕ ನೆರವು, ತಿಂಗಳಿಗೆ ಇಷ್ಟು" ಅಂತ ಮೊತ್ತ ಹಾಕಿ ಬರೆಯಿರಿ. "ಪೂರ್ತಿ ಖರ್ಚು ನಮ್ಮದು" ಅನ್ನುವ ಧಾಟಿ ಬೇಡವೇ ಬೇಡ.

ಜರ್ಮನಿ, ನೆದರ್ಲೆಂಡ್ಸ್ ಕಡೆ ಸಿಎಸ್‌ಸಿ ಕೊಡುವುದು ತಿಂಗಳಿಗೆ ಸುಮಾರು 1350 ಯೂರೋ, ಜೊತೆಗೆ ಹೋಗಿಬರುವ ವಿಮಾನದ ಟಿಕೆಟ್. ಜರ್ಮನಿಯ ವಿದ್ಯಾರ್ಥಿ ವೀಸಾಕ್ಕೆ ಕೈಯಲ್ಲಿದೆ ಅಂತ ತೋರಿಸಬೇಕಾದ್ದು ತಿಂಗಳಿಗೆ 992, ಅದೇನೋ ದಾಟುತ್ತದೆ. ತೊಂದರೆ ಇರುವುದು ಆರೋಗ್ಯ ವಿಮೆಯಲ್ಲಿ. ಅಗ್ಗದ ವಿದ್ಯಾರ್ಥಿ ದರ 30 ವರ್ಷದೊಳಗಿನವರಿಗೆ, ಅದರಲ್ಲೂ ಪಿಎಚ್‌ಡಿಯವರನ್ನು ಎಷ್ಟೋ ವಿಮಾ ಸಂಸ್ಥೆಗಳು ಆ ದರಕ್ಕೆ ಸೇರಿಸುವುದಿಲ್ಲ. ಸ್ವಯಂ ಸದಸ್ಯತ್ವ ಅಂದರೆ ತಿಂಗಳಿಗೆ 200 ಯೂರೋ ದಾಟಿತು. ಮ್ಯೂನಿಕ್‌ನಂಥ ಊರಲ್ಲಿ ಒಂದು ಕೋಣೆಗೆ 700 ಕೊಟ್ಟರೆ ಉಳಿದದ್ದೆಷ್ಟು ನೋಡಿ. ಪಕ್ಕದ ಮೇಜಿನಲ್ಲಿ ಅದೇ ಕೆಲಸಕ್ಕೆ ಇ13ರ (ಜರ್ಮನಿಯ ಸರ್ಕಾರಿ ವೇತನ ಶ್ರೇಣಿ) 65 ಶೇಕಡ ಕಾಂಟ್ರ್ಯಾಕ್ಟ್ ಇರುವವರ ಕೈಗೆ ಸುಮಾರು 2000 ಬರುತ್ತದೆ, ಅದರ ಮೇಲೆ ಪಿಂಚಣಿ, ನಿರುದ್ಯೋಗ ವಿಮೆ, ಹೆರಿಗೆ ರಜೆ. ಸಿಎಸ್‌ಸಿಯವರು ನೌಕರರಲ್ಲ, ಇದ್ಯಾವುದೂ ಅವರಿಗಿಲ್ಲ. "ನಿಮಗೆ ಏನೂ ಖರ್ಚಿಲ್ಲ" ಅನ್ನುವ ಮಾತಿನ ಅರ್ಥ ಇಷ್ಟೇ, ಖರ್ಚು ಅವರ ಮೇಲೆ ಬಿದ್ದಿದೆ. ವಿಮೆಯ ಮೊತ್ತವನ್ನಾದರೂ ನೀವು ತುಂಬಿಕೊಡಿ ಅನ್ನುವುದು ನನ್ನ ಅಭಿಪ್ರಾಯ. 48 ತಿಂಗಳಲ್ಲಿ ಪಿಎಚ್‌ಡಿ ಮುಗಿಯದಿದ್ದರೆ ಮುಂದಿನ ತಿಂಗಳುಗಳಿಗೆ ಯಾರ ದುಡ್ಡು ಅನ್ನುವುದನ್ನೂ ಈಗಲೇ ಬರೆದಿಡಿ. ಬ್ಯಾಟರಿ ಸೈಕ್ಲಿಂಗ್ ಪ್ರಯೋಗಗಳು ಕ್ಯಾಲೆಂಡರ್ ಕೇಳುವುದಿಲ್ಲವಲ್ಲ.

ಒಪ್ಪಂದದ ಬಗ್ಗೆ ಕೇಳಿದ್ದಿರಿ. ಹೊರಡುವ ಮುಂಚೆ ವಿದ್ಯಾರ್ಥಿ ಸಿಎಸ್‌ಸಿ ಜೊತೆ ಒಪ್ಪಂದಕ್ಕೆ ಸಹಿ ಹಾಕಿ ನೋಟರಿ ಮಾಡಿಸಬೇಕು, ಠೇವಣಿ ಇಡಬೇಕು, ಇಬ್ಬರು ಜಾಮೀನು ನಿಲ್ಲಬೇಕು. ಜಾಮೀನು ನಿಂತವರು ಹೆಚ್ಚಾಗಿ ಅಪ್ಪ ಅಮ್ಮ, ಚಿಕ್ಕಪ್ಪ, ಅಥವಾ ಮೇಷ್ಟ್ರು. ಓದು ಮುಗಿದ ಮೇಲೆ ಹೇಳಿದ ಸಮಯಕ್ಕೆ ಮರಳಿ ಎರಡು ವರ್ಷ ಚೀನಾದಲ್ಲಿ ಕೆಲಸ ಮಾಡಬೇಕು. ಮಾತು ತಪ್ಪಿದರೆ ಕೊಟ್ಟ ಹಣವನ್ನೆಲ್ಲ ವಾಪಸ್ ಕಟ್ಟಿ, ಅದರ ಮೇಲೆ 30 ಶೇಕಡ ದಂಡ. 1350ರಂತೆ 48 ತಿಂಗಳಿಗೆ 64,800 ಯೂರೋ, ದಂಡ 19,440, ಒಟ್ಟು 84,240, ಟಿಕೆಟ್ ಖರ್ಚು ಬೇರೆ. ವಿದ್ಯಾರ್ಥಿ ಕಟ್ಟದಿದ್ದರೆ ವಸೂಲಿ ಹೋಗುವುದು ಜಾಮೀನುದಾರರ ಮನೆಗೆ.

ಇದು ನಿಮಗ್ಯಾಕೆ ಅಂದರೆ, ದೇಶ, ವಿವಿ, ತಾನು ಬಂದ ಸ್ಥಾನ ಯಾವುದನ್ನೂ ಅನುಮತಿಯಿಲ್ಲದೆ ಬದಲಿಸುವಂತಿಲ್ಲ ಅನ್ನುವ ಷರತ್ತೂ ಅದರಲ್ಲಿದೆ. ನಾಳೆ ನೀವು ಸ್ವಿಟ್ಜರ್ಲೆಂಡಿಗೆ ಹೊರಟರೆ ಉಳಿದ ಪಿಎಚ್‌ಡಿ ಹುಡುಗರು ನಿಮ್ಮ ಜೊತೆ ಬರಬಹುದು. ಸಿಎಸ್‌ಸಿ ವಿದ್ಯಾರ್ಥಿ ಮೊದಲು ರಾಯಭಾರ ಕಚೇರಿಯ ಶಿಕ್ಷಣ ವಿಭಾಗದ ಮೂಲಕ ಅರ್ಜಿ ಹಾಕಿ ಕಾಯಬೇಕು. ಬಂದ ಹತ್ತು ದಿನದೊಳಗೆ ಅಲ್ಲಿ ಹಾಜರಿ ದಾಖಲಿಸಬೇಕು, ಆಗಾಗ ಪ್ರಗತಿ ವರದಿ ಕೊಡಬೇಕು. ಆ ವರದಿಗೆ ನಿಮ್ಮ ಸಹಿ ಬೇಕಾದಾಗ ಎರಡು ವಾರ ಕಾಯಿಸಬೇಡಿ, ಅವರ ಸ್ಟೈಪೆಂಡ್ ಅದಕ್ಕೆ ತಗುಲಿಕೊಂಡಿರುತ್ತದೆ.

---

ಕಟ್ಟೆಪುರಾಣ

ಇಷ್ಟೆಲ್ಲ ಹೇಳಿ ಮುಖ್ಯ ವಿಷಯ ಬಿಟ್ಟರೆ ಹೇಗೆ? ನಿಮ್ಮ ವಿವಿ ಇನ್ನೂ ಸಿಎಸ್‌ಸಿಯವರನ್ನು ತೆಗೆದುಕೊಳ್ಳುತ್ತದೆಯೇ ಅಂತ ಮೊದಲು ಕೇಳಿ. ಎರ್ಲಾಂಗನ್-ನ್ಯೂರ್ನ್‌ಬರ್ಗ್ ವಿವಿ 2023ರ ಜೂನ್‌ನಿಂದ ಸಿಎಸ್‌ಸಿ ಒಂದನ್ನೇ ನಂಬಿ ಬರುವವರನ್ನು ತೆಗೆದುಕೊಳ್ಳುವುದು ನಿಲ್ಲಿಸಿದೆ. ಸ್ವೀಡನ್‌ನಲ್ಲೂ ಜಾಮೀನಿನ ಷರತ್ತುಗಳು ಪತ್ರಿಕೆಗಳಲ್ಲಿ ಬಂದ ಮೇಲೆ ಕೆಲವು ವಿವಿಗಳು ಹಿಂದೆ ಸರಿದವು. ಬ್ಯಾಟರಿ ಮೆಟೀರಿಯಲ್ಸ್ ಅಂದರೆ ರಫ್ತು ನಿಯಂತ್ರಣದ ಪಟ್ಟಿಗೆ (ಸೇನೆಗೂ ಬಳಕೆಯಾಗಬಲ್ಲ ವಸ್ತು, ತಂತ್ರಜ್ಞಾನ ಅನುಮತಿಯಿಲ್ಲದೆ ಹೊರದೇಶದವರ ಕೈಗೆ ಹೋಗದಂತೆ ಇರುವ ಪಟ್ಟಿ) ತಾಗಬಹುದಾದ ವಿಷಯ. ಸರ್ಕಾರಕ್ಕೆ ನಿಷ್ಠನಾಗಿರುತ್ತೇನೆ ಅಂತ ಸಹಿ ಹಾಕಿ ಬಂದವರನ್ನು ಲ್ಯಾಬಿಗೆ ಬಿಟ್ಟುಕೊಳ್ಳುವ ಮುನ್ನ ಎರಡು ಸಲ ಯೋಚಿಸಿ.

---

ಗಡಿಯಾಚೆ

ರಫ್ತು ನಿಯಂತ್ರಣದ ಮಾತು ಒಪ್ಪುತ್ತೇನೆ. ಹೊಸಲ್ಯಾಬ್ ಅವರೇ, ಲೆಟರ್‌ಗೆ ಸಹಿ ಹಾಕುವ ಮುಂಚೆ ನಿಮ್ಮ ವಿವಿಯ ರಫ್ತು ನಿಯಂತ್ರಣ ಅಧಿಕಾರಿಗೆ ವಿದ್ಯಾರ್ಥಿಯ ವಿವಿ, ವಿಷಯ, ಯಾವ ಯಂತ್ರ ಬಳಸುತ್ತಾರೆ, ಯಾವ ಡೇಟಾ ಕೈಗೆ ಸಿಗುತ್ತದೆ ಇಷ್ಟನ್ನೂ ಬರೆದು ಕಳಿಸಿ, ಉತ್ತರವನ್ನು ಲಿಖಿತವಾಗಿ ತೆಗೆದಿಡಿ. ಹಾರ್ಬಿನ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ, ಬೇಹಾಂಗ್, ನಾರ್ತ್‌ವೆಸ್ಟರ್ನ್ ಪಾಲಿಟೆಕ್ನಿಕಲ್ ಥರದ ರಕ್ಷಣಾ ನಂಟಿರುವ ಏಳು ವಿವಿಗಳಿಂದ ಬಂದವರಾದರೆ ಪರಿಶೀಲನೆಗೆ ಹೆಚ್ಚು ಸಮಯ ಇಟ್ಟುಕೊಳ್ಳಿ. ಅಮೆರಿಕವಂತೂ 2020ರ ಮೇ ತಿಂಗಳ ಅಧ್ಯಕ್ಷರ ಘೋಷಣೆ 10043ರ ಕೆಳಗೆ, ಸೇನೆಗೆ ನೆರವಾಗುವ ಸಂಸ್ಥೆಗಳ ನಂಟಿನ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಎಫ್ (ವಿದ್ಯಾರ್ಥಿ) ಮತ್ತು ಜೆ (ವಿನಿಮಯ) ವೀಸಾ ನಿರಾಕರಿಸುತ್ತಾ ಬಂದಿದೆ. ಬ್ರಿಟನ್‌ನಲ್ಲಿ ಸೂಕ್ಷ್ಮ ವಿಷಯಗಳಿಗೆ ಅಟಾಸ್ ಅನ್ನುವ ಸರ್ಕಾರಿ ಭದ್ರತಾ ಪರಿಶೀಲನೆಯ ಪ್ರಮಾಣಪತ್ರ ಬೇಕು. ಅದು ಭಾರತದವರಿಗೂ ಬೇಕು ಅನ್ನುವುದನ್ನು ನಮ್ಮವರು ಮರೆಯುತ್ತಾರೆ.

ಆದರೆ ಕಟ್ಟೆಪುರಾಣ ಅವರ ಕೊನೆಯ ಸಾಲು ನನಗೆ ಒಪ್ಪಿಗೆಯಿಲ್ಲ. ಒಪ್ಪಂದದ ಭಾಷೆ ಸರ್ಕಾರದ್ದು, 24 ವರ್ಷದ ವಿದ್ಯಾರ್ಥಿ ಅದರಲ್ಲಿ ಒಂದಕ್ಷರ ತಿದ್ದಲಾರ. ಅಪಾಯ ಇರುವುದು ವಿಷಯ ಮತ್ತು ಡೇಟಾದಲ್ಲಿ, ಅದನ್ನು ವಿಷಯ ನೋಡಿಯೇ ಅಳೆಯಬೇಕು. ಅದೇ ಊರಿನಿಂದ ಸ್ವಂತ ದುಡ್ಡಿನಲ್ಲಿ ಬಂದವರಿಗೆ ಲ್ಯಾಬಿನ ಎಲ್ಲ ಕೀಲಿ ಕೊಟ್ಟು, ಸ್ಕಾಲರ್‌ಶಿಪ್‌ನಲ್ಲಿ ಬಂದವರನ್ನು ಮಾತ್ರ ಬಾಗಿಲಲ್ಲಿ ನಿಲ್ಲಿಸಿದರೆ ಕಾಯ್ದುಕೊಂಡಿದ್ದೇನು?

---

ಎಂಎಸ್ಸಿ_ಹುಡುಗಿ

ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಸಿಎಸ್‌ಸಿ ಸ್ಕಾಲರ್‌ಶಿಪ್ ಅಂತ ಹುಡುಕಿದರೆ ಭಾರತದವರೂ ಅರ್ಜಿ ಹಾಕಬಹುದು ಅಂತ ತೋರಿಸುತ್ತದಲ್ಲ? ಜರ್ಮನಿಗೆ ಅದರಲ್ಲಿ ಹೋಗಬಹುದಾ?

---

ಲೆಕ್ಕಪತ್ರ

ಇಲ್ಲಮ್ಮ, ಅದು ಬೇರೆ. ಚೀನಾಕ್ಕೆ ಓದಲು ಬರುವ ವಿದೇಶಿಯರಿಗೆ ಚೀನಾ ಸರ್ಕಾರ ಕೊಡುವ ಸ್ಕಾಲರ್‌ಶಿಪ್ಪನ್ನೂ ಇದೇ ಸಂಸ್ಥೆ ನಡೆಸುತ್ತದೆ, ಅದಕ್ಕೇ ಹೆಸರು ಕಲಸಿಹೋಗಿದೆ. ನೀವು ನೋಡಿದ್ದು ಅದು, ಅದರಲ್ಲಿ ಚೀನಾದ ವಿವಿಗೆ ಮಾತ್ರ ಹೋಗಬಹುದು. ಈ ಚರ್ಚೆಯಲ್ಲಿರುವುದು ಚೀನಾದ ಪ್ರಜೆಗಳನ್ನು ಹೊರಗೆ ಕಳಿಸುವ ಯೋಜನೆ. ಭಾರತ, ಚೀನಾ ಎರಡೂ ಕಡೆಯವರಿಗೆ ತೆರೆದಿರುವ ಬಾಗಿಲು ಬೇಕಿದ್ದರೆ ಮಾಸ್ಟರ್ಸ್‌ಗೆ ಯುರೋಪಿಯನ್ ಒಕ್ಕೂಟದ ಎರಾಸ್ಮಸ್ ಮುಂಡಸ್ ನೋಡಿ, ತಿಂಗಳಿಗೆ 1400 ಯೂರೋ, ಟ್ಯೂಶನ್ ಇಲ್ಲ, ವಾಪಸ್ ಬರಬೇಕೆಂಬ ಕರಾರೂ ಇಲ್ಲ. ಬ್ರಿಟನ್ ಸರ್ಕಾರದ ಚೀವ್‌ನಿಂಗ್ ಸ್ಕಾಲರ್‌ಶಿಪ್ ಎರಡೂ ದೇಶದವರಿಗೆ ಇದೆ, ಆದರೆ ಎರಡು ವರ್ಷದ ಕೆಲಸದ ಅನುಭವ ಕೇಳುತ್ತದೆ, ಮುಗಿದ ಮೇಲೆ ಎರಡು ವರ್ಷ ಸ್ವದೇಶಕ್ಕೆ ಮರಳಬೇಕು. ನಿಮಗೆ ಜರ್ಮನಿಯೇ ಗಟ್ಟಿ ಅಂತಾದರೆ ಓದಿನ ದಾಖಲೆಗಳು ಅಸಲಿಯೇ ಅಂತ ಜರ್ಮನಿಯ ಪರವಾಗಿ ನೋಡುವ ದೆಹಲಿಯ ಎಪಿಎಸ್ ಪ್ರಮಾಣಪತ್ರ ಮೊದಲು ಮಾಡಿಸಿಕೊಳ್ಳಿ. ಬೀಜಿಂಗ್‌ನಲ್ಲಿ 2001ರಿಂದಲೂ ಇರುವ ಆ ವ್ಯವಸ್ಥೆ 2022ರ ಕೊನೆಗೆ ನಮ್ಮವರಿಗೂ ಕಡ್ಡಾಯವಾಯಿತು.

---

ಹೊಸಲ್ಯಾಬ್

ಇನ್ನೆರಡು ಸಣ್ಣ ಪ್ರಶ್ನೆ. ನಮ್ಮಲ್ಲಿ ಈಗಾಗಲೇ ಸ್ವಂತ ಖರ್ಚಿನಲ್ಲಿ ಎರಡನೇ ವರ್ಷದ ಪಿಎಚ್‌ಡಿ ಮಾಡುತ್ತಿರುವ ಚೀನಾದ ವಿದ್ಯಾರ್ಥಿನಿ ಇದ್ದಾಳೆ, ಅವಳಿಗೆ ಏನಾದರೂ ಸಿಗುತ್ತದೆಯೇ? ಮತ್ತೆ ಲೆಟರ್ ಕೊಟ್ಟ ಮೇಲೂ ಮೇ ತಿಂಗಳಲ್ಲಿ ಆಯ್ಕೆ ಆಗದಿದ್ದರೆ?

---

ಲೆಟರ್‌ಹೆಡ್

ಅವಳಿಗೆ ಸರಿಹೊಂದುವುದು ಸ್ವಂತ ಖರ್ಚಿನಲ್ಲಿ ಓದುವ ಅತ್ಯುತ್ತಮ ವಿದ್ಯಾರ್ಥಿಗಳಿಗೆ ಚೀನಾ ಸರ್ಕಾರ 2003ರಿಂದ ಕೊಡುತ್ತಿರುವ ಪ್ರಶಸ್ತಿ. ಒಂದೇ ಸಲ ಕೊಡುವ 6000 ಡಾಲರ್, ವಿಶೇಷ ಶ್ರೇಣಿಗೆ 10,000. ಪಿಎಚ್‌ಡಿಯ ಮೊದಲ ವರ್ಷ ದಾಟಿರಬೇಕು, ಸರ್ಕಾರಿ ದುಡ್ಡು ತೆಗೆದುಕೊಂಡಿರಬಾರದು. ಅರ್ಜಿ ಆ ದೇಶದ ಚೀನೀ ರಾಯಭಾರ ಕಚೇರಿ ಅಥವಾ ಕಾನ್ಸುಲೇಟ್ ಮೂಲಕ, ವರ್ಷದ ಕೊನೆಯ ತಿಂಗಳುಗಳಲ್ಲಿ. ಪ್ರಕಟವಾದ ಪೇಪರ್‌ಗಳ ಪಟ್ಟಿಯೇ ಅಲ್ಲಿ ಎದ್ದು ನಿಲ್ಲುವುದು, ನಿಮ್ಮ ಶಿಫಾರಸು ಪತ್ರದಲ್ಲಿ ಯಾವ ಪೇಪರ್‌ನಲ್ಲಿ ಅವಳ ಪಾಲು ಎಷ್ಟು ಅಂತ ಬಿಡಿಸಿ ಬರೆಯಿರಿ.

ಆಯ್ಕೆಯಾಗದಿದ್ದರೆ ಆ ವರ್ಷಕ್ಕೆ ಅಷ್ಟೇ, ಅರ್ಜಿ ಮುಂದಿನ ವರ್ಷಕ್ಕೆ ತಾನಾಗಿ ಹೋಗುವುದಿಲ್ಲ. ಜಂಟಿ ವಿದ್ಯಾರ್ಥಿಯಾದರೆ ಅವರ ಪಿಎಚ್‌ಡಿಯಲ್ಲಿ ಎಷ್ಟು ಸಮಯ ಉಳಿದಿದೆ ನೋಡಿ, ಎಷ್ಟೋ ಸಲ ಮತ್ತೊಂದು ಮಾರ್ಚ್‌ಗೆ ಕಾಯುವಷ್ಟು ಉಳಿದಿರುವುದಿಲ್ಲ. ಪೂರ್ತಿ ಪಿಎಚ್‌ಡಿಯವರಿಗೆ ಜಾಗ ಹಿಡಿದಿಡುತ್ತೀರಾ ಇಲ್ಲವಾ ಅಂತ ಲೆಟರ್ ಕೊಡುವಾಗಲೇ ಮೇಲ್‌ನಲ್ಲಿ ತಿಳಿಸಿಬಿಡಿ. ಹಿಡಿದಿಡುವುದಾದರೆ ಜನವರಿಯಲ್ಲಿ ಹೊಸ ತಿಂಗಳುಗಳನ್ನು ಹಾಕಿ ಹೊಸ ಲೆಟರ್ ಕೊಡಬೇಕು, ಹಳೆಯದಕ್ಕೆ ದಿನಾಂಕ ತಿದ್ದಿ ಕಳಿಸಿದ್ದು ಸ್ಕ್ಯಾನ್‌ನಲ್ಲಿ ಕಾಣುತ್ತದೆ.